ಒಂದೇ ಮನೆಯಲ್ಲಿ ಎರಡು ಸೀಳುತುಟಿ

ತಮ್ಮನಿಗೆ ಹೆಣ್ಣುಮಗು ಹುಟ್ಟಿತೆಂದು ಫೋನ್ ಬಂದಾಗ ದೊಡ್ಡಕ್ಕ ಬೇಕರಿಯ ಹಿಂದಿನ ಕೋಣೆಯಲ್ಲಿ ಹಿಟ್ಟು ನಾದುತ್ತಿದ್ದಳು. ಕೈ ತೊಳೆದು ಆಸ್ಪತ್ರೆಗೆ ಓಡಿದರೆ ವಾರ್ಡಿನಲ್ಲಿ ಯಾರ ಮುಖದಲ್ಲೂ ಕಳೆಯಿಲ್ಲ. ಬಟ್ಟೆ ಸರಿಸಿ ನೋಡಿದಳು. ಮಗುವಿನ ಮೇಲ್ದುಟಿ ಮೂಗಿನ ಹೊಳ್ಳೆಯವರೆಗೆ ಸೀಳಿತ್ತು; ಅತ್ತಾಗ ಬಾಯೊಳಗಿನ ಅಂಗುಳವೂ ಬಿರಿದದ್ದು ಕಾಣುತ್ತಿತ್ತು. ತಲೆಯೆತ್ತಿದರೆ, ಎಲ್ಲರೂ ನೋಡುತ್ತಿದ್ದದ್ದು ಮಗುವನ್ನಲ್ಲ, ಅವಳ ತುಟಿಯನ್ನು.

ಅವಳೂ ಹಾಗೇ ಹುಟ್ಟಿದವಳು. ಶಾಲೆಗೆ ಸೇರುವ ಹೊತ್ತಿಗೆ ಯಾರೋ ಡಾಕ್ಟರು ತುಟಿ ಹೊಲಿದಿದ್ದರು. ಹೊಲಿಗೆ ದಪ್ಪ ಗೀರಾಗಿ, ಮೂಗನ್ನು ಒಂದು ಪಕ್ಕಕ್ಕೆ ಎಳೆದುಕೊಂಡು ಕೂತುಬಿಟ್ಟಿತು. ಅಂಗುಳವನ್ನು ಯಾರೂ ಮುಟ್ಟಲಿಲ್ಲ. ಹಾಗಾಗಿ ಮಾತೆಲ್ಲ ಮೂಗಿನಲ್ಲೇ. 'ಪ' ಅಂದರೆ 'ಮ' ಎಂದು ಕೇಳಿಸುತ್ತಿತ್ತು. ಬೇಕರಿಯ ಯಜಮಾನ ಒಳ್ಳೆಯವನೇ, ಆದರೂ ಅವಳನ್ನು ಒಂದು ದಿನವೂ ಗಲ್ಲಾದ ಕಡೆ ನಿಲ್ಲಿಸಿದವನಲ್ಲ.

"ಮನೇಲಿ ಇನ್ಯಾರಿಗಾದ್ರೂ ಹೀಗಿತ್ತಾ?" ಡಾಕ್ಟರಮ್ಮ ಕೇಳಿದರು. ತಮ್ಮ ಅಕ್ಕನ ಕಡೆ ತಿರುಗಿದ.

"ಹಾಗಾದ್ರೆ ನನ್ನಿಂದ ಬಂತಾ?" ಕೇಳಿದಳು ದೊಡ್ಡಕ್ಕ.

"ನಿಮ್ಮಿಂದ ಅಂತಲ್ಲಮ್ಮ. ಸಾವಿರ ಮಕ್ಕಳು ಹುಟ್ಟಿದ್ರೆ ಒಂದಕ್ಕೋ ಎರಡಕ್ಕೋ ಹೀಗಾಗುತ್ತೆ. ಮನೆತನದಲ್ಲಿದ್ರೆ ಸ್ವಲ್ಪ ಜಾಸ್ತಿ. ಬಸುರಿನ ಮೊದಮೊದಲ ತಿಂಗಳಲ್ಲಿ ಸಿಗರೇಟಿನ ಹೊಗೆ, ಫಿಟ್ಸಿನ ಕೆಲವು ಮಾತ್ರೆ, ಸಕ್ಕರೆ ಕಾಯಿಲೆ, ಸತ್ವ ಸಾಲದ ಊಟ, ಇವೂ ಸೇರ್ಕೋಬಹುದು. ಎಷ್ಟೋ ಸಲ ಯಾವುದೂ ಇಲ್ಲದೇನೂ ಆಗುತ್ತೆ. ಇಂಥವರ ತಪ್ಪು ಅಂತ ಬೆರಳು ಮಾಡೋ ಹಾಗಿಲ್ಲ."

ತಮ್ಮ ಜೇಬಿನಿಂದ ಇಣುಕುತ್ತಿದ್ದ ಸಿಗರೇಟು ಪ್ಯಾಕನ್ನು ಮೆಲ್ಲಗೆ ಒಳಗೆ ತಳ್ಳಿದ. ಅದನ್ನು ಕಂಡು ದೊಡ್ಡಕ್ಕನಿಗೆ ಒಳಗೊಳಗೇ ಒಂಥರಾ ಸಮಾಧಾನವಾಯಿತು.

ಮೊದಲ ಕೆಲವು ತಿಂಗಳು ಆ ಮಗುವೆಂದರೆ ಅವಳಿಗೆ ಪ್ರಾಣ. ನೆಟ್ಟಗೆ ಕೂರಿಸಿ, ಮೆತ್ತನೆಯ ಬಾಟಲಿ ಒತ್ತಿ, ಮೂಗಿಗೆ ಬರದಂತೆ ಹಾಲು ಕುಡಿಸುವಾಗ, ಈ ಮನೆಯಲ್ಲಿ ನನ್ನಂಥವಳು ಇನ್ನೊಬ್ಬಳಿದ್ದಾಳೆ ಎಂದು ಎದೆ ತುಂಬಿ ಬರುತ್ತಿತ್ತು. ಆಮೇಲೆ ಮಗುವಿಗೆ ತುಟಿಯ ಆಪರೇಷನ್ ಆಯಿತು.

ಬಾವು ಇಳಿದ ಮೇಲೆ ನೋಡಿದರೆ ದಾರದೆಳೆಯಂಥ ಒಂದು ಗೆರೆ, ಅಷ್ಟೇ. ತುಟಿ ದುಂಡಗೆ, ಮೂಗು ನೇರ.

"ನೋಡಿ ಅಕ್ಕಾ, ದೊಡ್ಡವಳಾಗೋ ಹೊತ್ತಿಗೆ ಗುರುತೇ ಸಿಗಲ್ವಂತೆ!" ತಮ್ಮನ ಹೆಂಡತಿ ಕುಣಿದಾಡಿದಳು.

"ಹೂಂ, ಚೆನ್ನಾಗಿದೆ," ಎಂದಳು ದೊಡ್ಡಕ್ಕ. ಹಾಲುಗಲ್ಲದ ಕೂಸಿನ ಮೇಲೂ ಹೊಟ್ಟೆಕಿಚ್ಚೇ ಎಂದು ತನ್ನನ್ನೇ ಬೈದುಕೊಂಡಳು. ಬೈದರೆ ಅದು ಆರುವಂಥದ್ದಲ್ಲ. ಯಾರಾದರೂ "ಎಷ್ಟು ಮುದ್ದಾಗಿದೆ" ಎಂದರೆ ಸಾಕು, ಎದ್ದು ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು.

ಮಗು ಬಾಯಿಗೆ ಕೈ ಹಾಕದಿರಲೆಂದು ಮೊಣಕೈ ಮಡಿಸಲಾಗದ ಗಟ್ಟಿ ತೋಳುಪಟ್ಟಿ ಕಟ್ಟಿದ್ದರು. ಒಂದು ಮಧ್ಯಾಹ್ನ ಮಗುವಿನ ತಾಯಿ ಸ್ನಾನಕ್ಕೆ ಹೋಗಿದ್ದಾಗ ಒಂದು ಪಟ್ಟಿ ಸಡಿಲವಾಗಿ ಜಾರಿತು. ಪುಟ್ಟ ಕೈ ತುಟಿಯತ್ತ ಹೊರಟಿತು. ಪಕ್ಕದಲ್ಲೇ ಕೂತಿದ್ದ ದೊಡ್ಡಕ್ಕ ಸುಮ್ಮನೆ ನೋಡಿದಳು. ಕಿತ್ತುಹೋಗಲಿ ಎಂದು ಮನಸ್ಸು ಸ್ಪಷ್ಟವಾಗಿಯೇ ಹೇಳಿತು. ಉಗುರು ಹೊಲಿಗೆಗೆ ತಾಕಿ ಮಗು ಚೀರಿತು. ಗಬಕ್ಕನೆ ಕೈ ಹಿಡಿದಳು. ಹೊಲಿಗೆ ಬಿಟ್ಟಿರಲಿಲ್ಲ. ಪಟ್ಟಿಯನ್ನು ಮತ್ತೆ ಬಿಗಿದು, ಎರಡೆರಡು ಸಲ ಎಳೆದು ನೋಡಿದಳು.

ಆ ಸಂಜೆ ತನ್ನ ತಾಯಿಯ ಎದುರು ಕೂತು ಕೇಳಿಯೇಬಿಟ್ಟಳು: "ನನಗ್ಯಾಕಮ್ಮ ಅಂಗುಳದ ಆಪರೇಷನ್ ಮಾಡಿಸ್ಲಿಲ್ಲ?"

ತಾಯಿ ಸೆರಗಿನ ತುದಿ ತಿರುಚಿದಳು. "ಮತ್ತೆ ಕರ್ಕೊಂಡು ಬನ್ನಿ ಅಂದಿದ್ರು. ಅಷ್ಟರಲ್ಲಿ ನಿನ್ನ ತಮ್ಮ ಹೊಟ್ಟೇಲಿದ್ದ. ವಾಂತಿ, ಸುಸ್ತು... ಆಮೇಲೆ ಅವನ ಬಾಣಂತನ. ಹಂಗೇ ಉಳ್ದೋಯ್ತು ಕಣೆ."

"ಉಳ್ದೋಯ್ತು," ಎಂದಳು ದೊಡ್ಡಕ್ಕ. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು.

ಬಾಗಿಲ ಬಳಿ ನಿಂತಿದ್ದ ತಮ್ಮನ ಹೆಂಡತಿಗೆ ಎಲ್ಲ ಕೇಳಿಸಿತ್ತು. ಮಗುವಿನ ಅಂಗುಳದ ಆಪರೇಷನ್ನಿಗೆ ಹೊರಟ ದಿನ, "ನೀವೂ ಬನ್ನಿ, ಒಮ್ಮೆ ತೋರಿಸೋಣ," ಎಂದು ಕೈ ಹಿಡಿದೇ ಎಳೆದೊಯ್ದಳು. ಡಾಕ್ಟರಮ್ಮ ಟಾರ್ಚ್ ಹಾಕಿ ನೋಡಿದರು. "ಈಗಲೂ ಮುಚ್ಚಬಹುದು. ಮಾತು ಸ್ವಲ್ಪ ತಿಳಿಯಾಗುತ್ತೆ. ಆದ್ರೆ ಮಗುವಿನಷ್ಟು ಆಗಲ್ಲಮ್ಮ, ಸುಳ್ಳು ಹೇಳಲ್ಲ." ದೊಡ್ಡಕ್ಕ ಒಪ್ಪಿಕೊಂಡಳು.

ಮುಂದಿನ ವರ್ಷ, ಅವಳ ಅಂಗುಳವನ್ನೂ ಮುಚ್ಚಿದ ಮೇಲೆ, ಮಾತಿನ ತರಬೇತಿಗೆ ಸೋದರತ್ತೆಯೂ ಮಗುವೂ ಒಂದೇ ಬೆಂಚಿನ ಮೇಲೆ ಕೂರುತ್ತಿದ್ದರು. ಟೀಚರು ತುಟಿ ಬಿಗಿದು ತೋರಿಸಿದರು. "ಪಾಪಾ!" ಎಂದಿತು ಮಗು, ಗಂಟೆ ಹೊಡೆದ ಹಾಗೆ. ದೊಡ್ಡಕ್ಕನ ಬಾಯಿಂದ ಬಂದದ್ದು ಅರ್ಧ 'ಪ', ಅರ್ಧ ಗಾಳಿ. ಆ ಹೊಟ್ಟೆಕಿಚ್ಚು ಮತ್ತೆ ಚುರುಕ್ಕೆಂದಿತು.

"ಇನ್ನೊಂದ್ಸಲ ಹೇಳೇ, ಕಳ್ಳಿ," ಎಂದು ಮಗುವನ್ನು ತೊಡೆಯ ಮೇಲೆ ಎಳೆದುಕೊಂಡು, ಅದರ ತುಟಿಯನ್ನೇ ದಿಟ್ಟಿಸಿದಳು.