ಕೌಜಲಗಿಯವರ ಗಂಟಲು ಮತ್ತು ನಾನು

ನಾನೊಂದು ಟೈ. ಕುತ್ತಿಗೆಗೆ ಕಟ್ಟುವ ನೀಲಿ ಟೈ. ಸುಮ್ಮನೆ ಒಂದು ಕಡೆ ಇರುವುದು ನನ್ನ ಜಾಯಮಾನದಲ್ಲೇ ಇಲ್ಲ. ದೊಡ್ಡಬಳ್ಳಾಪುರದ ಮಗ್ಗದಲ್ಲಿ ನಾನು ಬಟ್ಟೆಯಾಗಿ ಹುಟ್ಟುವಾಗ ಲಾಳಿ ಆಚೆಗೊಮ್ಮೆ ಈಚೆಗೊಮ್ಮೆ ಓಡುತ್ತಿತ್ತು. ಆ ಚಡಪಡಿಕೆ ಇವತ್ತಿಗೂ ಹೋಗಿಲ್ಲ. ದರ್ಜಿಯೊಬ್ಬ ಓರೆಯಾಗಿ ಕತ್ತರಿಸಿ ಹೊಲಿದ. ಅಲ್ಲಿಂದ ಹುಬ್ಬಳ್ಳಿಯ ಬಾಡಿಗೆ ಸೂಟಿನ ಅಂಗಡಿಗೆ ಬಂದೆ.

ಅಲ್ಲಿ ಮದುಮಕ್ಕಳ ಪಾಲಾದೆ. ಇವತ್ತೊಂದು ಕುತ್ತಿಗೆ, ನಾಳೆ ಇನ್ನೊಂದು. ಅಬ್ಬಬ್ಬಾ, ಒಬ್ಬನಾದರೂ ನೆಟ್ಟಗೆ ಗಂಟು ಹಾಕಿದನೇ? ಒಬ್ಬನಂತೂ ಎಮ್ಮೆ ಕಟ್ಟುವ ಹಾಗೆ ಕಟ್ಟಿಬಿಟ್ಟ. ಕೊನೆಗೊಂದು ಆರತಕ್ಷತೆಯಲ್ಲಿ ಮೈಮೇಲೆ ಸಾರು ಬಿತ್ತು, ಅಂಗಡಿಯವರು ಮೂಲೆಗೆ ಎಸೆದರು. ಅಲ್ಲಿಂದ ಎತ್ತಿಕೊಂಡು ಹೋಗಿ ಒಗೆದು ಇಸ್ತ್ರಿ ಮಾಡಿದವರು ಗ್ರೇಸ್ ಟೀಚರ್.

ಟೀಚರ್ ಕೇಶ್ವಾಪುರದ ತಮ್ಮ ಮನೆಯ ಪಡಸಾಲೆಯಲ್ಲಿ ವ್ಯಾಪಾರಸ್ಥರಿಗೆ ಇಂಗ್ಲಿಷ್ ಕಲಿಸುತ್ತಿದ್ದರು. ಪರದೇಶದ ಕಂಪನಿಯವರು ಪಾಲುದಾರಿಕೆಯ ಮಾತಿಗೆ ಮೊದಲ ಸಲ ಬಂದಾಗ ಏನು ಹೇಳಿ ಸ್ವಾಗತಿಸಬೇಕು, ತಮ್ಮ ಕಂಪನಿಯನ್ನು ಹೇಗೆ ಪರಿಚಯಿಸಬೇಕು, ಆಗದ ಮಾತನ್ನು ಹೇಗೆ ಆಗದು ಎನ್ನಬೇಕು, ಇಷ್ಟೇ ಪಾಠ. ಮಾತಾಡಲು ಎದ್ದವರ ಕುತ್ತಿಗೆಗೆಲ್ಲ ನನ್ನನ್ನೇ ಬಿಗಿಯುತ್ತಿದ್ದರು.

"ಟೈ ಹಾಕ್ಕೊಂಡ ದಿನಾನ ಗಂಟಲ ಹಿಡಿತೈತ್ರಿ. ಅದಕ್ಕ ಇಲ್ಲೇ ರೂಢಿ ಮಾಡ್ಕೋರಿ," ಎನ್ನುತ್ತಿದ್ದರು.

ಹೀಗೆ ಊರಿನ ಗಂಟಲುಗಳೆಲ್ಲ ನನಗೆ ಪರಿಚಯವಾದವು. ನನ್ನನ್ನು ಬಹಳ ಗೋಳಾಡಿಸಿದ್ದು ಗುರುಸಿದ್ದಪ್ಪ ಕೌಜಲಗಿಯವರದು. ಗೋಕುಲ ರಸ್ತೆಯಲ್ಲಿ ಅವರಿಗೆ ನೀರಿನ ವಾಲ್ವ್ ಎರಕ ಹೊಯ್ಯುವ ಕಾರ್ಖಾನೆ. ಹಿಂದೊಮ್ಮೆ ಪರದೇಶದ ಕಂಪನಿಯೊಂದು ಬಂದಾಗ ಕೇಳಿದ್ದಕ್ಕೆಲ್ಲ ತಲೆಯಾಡಿಸಿ "ಯೆಸ್, ನೋ ಪ್ರಾಬ್ಲಂ" ಎಂದಿದ್ದರು. ಮಾಲು ಹೊತ್ತಿಗೆ ಮುಟ್ಟಲಿಲ್ಲ. ಅವರು ಕೈಬಿಟ್ಟರು, ಅರ್ಧ ಕೆಲಸಗಾರರು ಕೆಲಸ ಕಳೆದುಕೊಂಡು ಮನೆಗೆ ಹೋದರು. ಈಗ ಡೆನ್ಮಾರ್ಕಿನವರು ಬರುತ್ತಿದ್ದರು. ಇದೂ ಕೆಟ್ಟರೆ ಕುಲುಮೆ ಆರಿದಂತೆಯೇ.

"ಆಗದ್ದನ್ನ ಆಗೂದಿಲ್ಲ ಅನ್ರಿ ಸಾವಕಾರ್ರ. ಒಂದು ಸಣ್ಣ ನೋ," ಎಂದರು ಟೀಚರ್.

"ಮನಿಗೆ ಬಂದಾವ್ರಿಗೆ ಇಲ್ಲ ಅನ್ನೂದು ಹೆಂಗ್ರಿ ಟೀಚರ? ಡಬ್ಬಿಯೊಳಗ ಅಕ್ಕಿ ತೀರಿದ್ರೂ ನಮ್ಮವ್ವ ಇಲ್ಲ ಅಂತಿದ್ದಿಲ್ಲ, ಹೆಚ್ಚಾಗೈತಿ ಅಂತಿದ್ಲು."

"ನಿಮ್ಮವ್ವ ಡೆನ್ಮಾರ್ಕಿಗೆ ಅಕ್ಕಿ ಕಳಸ್ತಿದ್ದಿಲ್ಲಲ್ರಿ!"

ನಗು ಬಂತು, ಆದರೆ 'ನೋ' ಬರಲಿಲ್ಲ. ಎದೆಯಿಂದ ಹೊರಟು ನನ್ನ ಗಂಟಿನವರೆಗೆ ಬರುವುದು, ಅಲ್ಲಿಂದ ಹಿಂದಿರುಗುವುದು. ನನಗಂತೂ ರೇಗಿಹೋಗುತ್ತಿತ್ತು. ಸಾಕಾಗಿ ಟೀಚರ್ ನನ್ನನ್ನು ಅವರ ಕೈಗೇ ಕೊಟ್ಟರು, ಮನೆಯಲ್ಲೂ ಕಟ್ಟಿಕೊಂಡು ಅಭ್ಯಾಸ ಮಾಡಲಿ ಎಂದು.

ಆ ದಿನ ಬಂತು. ಡೆನ್ಮಾರ್ಕಿನಿಂದ ಬಂದ ಕರೀನ್ ಮೇಡಂ ಕಾರ್ಖಾನೆಯ ಕಚೇರಿಯಲ್ಲಿ ಕೂತು ಖಾರದ ಗಿರ್ಮಿಟ್ ತಿಂದು ಕಣ್ಣೊರೆಸಿಕೊಂಡರು, ಪೇಢೆ ತಿಂದು ಸುಧಾರಿಸಿಕೊಂಡರು. ಸಾಹುಕಾರರು ಸ್ವಾಗತ, ಪರಿಚಯ ಎಲ್ಲವನ್ನೂ ಇಂಗ್ಲಿಷಿನಲ್ಲಿ ತಡವರಿಸದೆ ಒಪ್ಪಿಸಿದರು. ಮೂಲೆಯಲ್ಲಿ ಕೂತಿದ್ದ ಟೀಚರ್ ಮುಖ ಅರಳಿತು. ಆದರೆ ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ?

"ಮೊದಲ ಮಾಲು ನವೆಂಬರಿನಲ್ಲಿ ಹಡಗು ಹತ್ತಬಹುದೇ?" ಎಂದು ಕರೀನ್ ಕೇಳಿಯೇಬಿಟ್ಟರು.

ನವೆಂಬರಿಗೆ ಅಚ್ಚು ಕೂಡ ತಯಾರಾಗುವುದಿಲ್ಲ. ಅದು ಸಾಹುಕಾರರಿಗೂ ಗೊತ್ತು, ನನಗೂ ಗೊತ್ತು. ಗಂಟಲಿನಲ್ಲಿ ಬಿಸಿ ತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಹಾಳು 'ಯೆಸ್' ಆಗಲೇ ನಾಲಿಗೆಯ ತುದಿಗೆ ಬಂದಿತ್ತು. ಅಯ್ಯೋ ಮಾರಾಯ, ಮುಗಿಯಿತು ಎಂದುಕೊಂಡೆ.

ಸಾಹುಕಾರರು ದಡಕ್ಕನೆ ಎದ್ದರು. "ಪ್ಲೀಸ್ ಕಮ್," ಎಂದವರೇ ಹೊರಗೆ ನಡೆದರು. ಅಂಗಳ ದಾಟಿದರು, ಗೇಟೂ ದಾಟಿದರು. ತಮ್ಮನ್ನು ಹೊರಗೆ ಹಾಕುತ್ತಿದ್ದಾರೆಂದುಕೊಂಡ ಕರೀನ್ ಮುಖ ಕೆಂಪಾಯಿತು. ಟೀಚರ್ ಹಿಂದೆಯೇ ಓಡಿಬಂದು, "ಏನ್ ಮಾಡಾಕತ್ತೀರ್ರಿ?" ಎಂದು ತಲೆಯ ಮೇಲೆ ಕೈಯಿಟ್ಟರು.

ಲಾರಿಗಳ ಧೂಳಿನಲ್ಲಿ ನಿಂತು ಸಾಹುಕಾರರು ಬಾಯಿ ತೆರೆದರು. ನನ್ನ ಗಂಟನ್ನು ಸರಿಸಿಕೊಂಡು ಅದು ಬಂದೇ ಬಂತು.

"ನೋ. ನವೆಂಬರ್, ನೋ. ಮಾರ್ಚ್, ಯೆಸ್."

ಆಮೇಲೆ ಇದ್ದಬದ್ದ ಇಂಗ್ಲಿಷನ್ನೆಲ್ಲ ಕೂಡಿಸಿ ಹೇಳಿದರು: ನೀವು ನನ್ನ ಅತಿಥಿ, ನನ್ನ ಸೂರಿನ ಕೆಳಗೆ ನಿಮಗೆ ಇಲ್ಲ ಎನ್ನಲಾರೆ, ಅದಕ್ಕೇ ರಸ್ತೆಗೆ ಕರೆತಂದೆ.

ಕರೀನ್ ಗೇಟನ್ನು ನೋಡಿದರು, ರಸ್ತೆಯನ್ನು ನೋಡಿದರು. "ಹಾಗಾದರೆ ನನ್ನ ಉಳಿದ ಪ್ರಶ್ನೆಗಳನ್ನೂ ಇಲ್ಲೇ ಕೇಳಿಬಿಡುತ್ತೇನೆ," ಎಂದರು. ಕೆಲವಕ್ಕೆ ನೋ, ಕೆಲವಕ್ಕೆ ಯೆಸ್ ಸಿಕ್ಕಿತು. ಎಲ್ಲರೂ ಒಳಗೆ ಹೋಗಿ ಮತ್ತೊಮ್ಮೆ ಚಹಾ ಕುಡಿದರು. ಒಪ್ಪಂದ ಮಾರ್ಚಿಗೇ ಆಯಿತು. ಮನೆಗೆ ಹೋಗಿದ್ದವರು ಕೆಲಸಕ್ಕೆ ಮರಳಿದರು.

ಕಾಲ ಕಳೆಯಿತು. ನನಗೆ ಮಸಿ ಹತ್ತಿತು, ಅಂಚು ಹರಿಯಿತು. ಗೇಟಿನ ಚಿಲಕ ಮುರಿದ ದಿನ ಸಾಹುಕಾರರು ಚಿಲಕದ ಬದಲು ನನ್ನನ್ನೇ ಅದಕ್ಕೆ ಕಟ್ಟಿದರು. ಗಾಳಿ ಬಂದಾಗಲೆಲ್ಲ ಪಟಪಟ ಹೊಡೆದುಕೊಳ್ಳುವುದೇ ನನ್ನ ಕೆಲಸವಾಯಿತು. ಕರೀನ್ ಬಂದಾಗಲೆಲ್ಲ ಕಷ್ಟದ ಪ್ರಶ್ನೆಯಿದ್ದರೆ ತಾವೇ ಎದ್ದು ಗೇಟಿಗೆ ಬರುತ್ತಿದ್ದರು. ಎಷ್ಟು 'ನೋ' ಕೇಳಿದ್ದೇನೋ!

ಮೊನ್ನೆ ಅವರ ಕೊನೆಯ ಭೇಟಿ. ನಿವೃತ್ತಿಯ ಮೊದಲು ಒಂದು ದೊಡ್ಡ ಮಾತು ತಂದಿದ್ದರು: ಇಡೀ ಕಾರ್ಖಾನೆಯನ್ನೇ ತಮ್ಮ ಕಂಪನಿಗೆ ಮಾರುವಿರಾ? ತೆರೆದ ಕಿಟಕಿಯಿಂದ ಕೇಳಿಸಿತು. ಕೇಳಿದ ಕರೀನ್ ರೂಢಿಯಂತೆ ಗೇಟಿಗೆ ಬರಲು ಎದ್ದರು. ನಾನು ಕಾದೆ. ಯಾರೂ ಬರಲಿಲ್ಲ. ಛೇ, ಏನಾಯಿತು? 'ಯೆಸ್' ಅಂದುಬಿಟ್ಟರೇ? ನನಗೆ ಜೀವವೇ ನಿಲ್ಲಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಸಾಹುಕಾರರು ಕರೀನ್ ಅವರನ್ನು ಬೀಳ್ಕೊಡಲು ಹೊರಬಂದರು. ಜೊತೆಯಲ್ಲಿದ್ದ ಟೀಚರ್ ಪಿಸುಗುಟ್ಟಿದರು:

"ಒಳಗ ಕುಂತೇ ನೋ ಅಂದ್ಬಿಟ್ರಲ್ರಿ ಸಾವಕಾರ್ರ!"

"ಆಕಿ ಈಗೇನ್ ಹೊರಗಿನಾಕೇನ್ರಿ? ಮನಿಯಾವ್ರಿಗೆ ಇಲ್ಲ ಅನ್ನಾಕ ಯಾಕ ಅಂಜಬೇಕು?"

ಟೀಚರ್ ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದರು. ಕಾರು ಕಾಯುತ್ತಿದ್ದರೂ ಕರೀನ್ ಹಿಂದಿರುಗಿ ಬಂದು, ಗೇಟನ್ನು ತಾವೇ ಎಳೆದುಕೊಂಡು, ಮನೆಯವರು ಕಟ್ಟುವ ಹಾಗೆ ನನ್ನನ್ನು ಕಟ್ಟಿದರು.

ಸುಮ್ಮನಿರುವುದು ನನಗೆ ಈಗಲೂ ಬಾರದು. ಗಾಳಿಗೆ ಹೊಡೆದುಕೊಳ್ಳುತ್ತಲೇ ಇದ್ದೇನೆ. ಆದರೆ ಇಲ್ಲ ಎನ್ನಲು ಯಾರೂ ಇಲ್ಲಿಯವರೆಗೆ ನಡೆದು ಬರುವಂತಾಗದಿರಲಿ.