ಆಫೀಸಿಗೆಂದು ಹೊರಟು ಕೋಡು ಹುಡುಕಿದ್ದು

ಫೆಬ್ರುವರಿ ಕೊನೆಯ ಒಂದು ಗುರುವಾರ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಊರಾಚೆಯ ಕಾಡೊಂದರಲ್ಲಿ ಶರಣ್ ತನ್ನ ಬಲಗಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದ. ಮೊಲದ ಬಿಲದಲ್ಲಿ ಕಾಲು ಸಿಕ್ಕಿ ಹೊರಳಿತ್ತು. ಕಾಲಿನ ಹರಡು ನೋಡನೋಡುತ್ತಲೇ ಊದಿಕೊಳ್ಳುತ್ತಿತ್ತು. ಹೆಂಡತಿ ನೀರಜಾ ತಿಳಿದುಕೊಂಡಂತೆ ಅವನು ಆ ಹೊತ್ತಿಗೆ ಲೀಡ್ಸ್‌ನ ಆಫೀಸಿನಲ್ಲಿರಬೇಕಾಗಿತ್ತು.

ಆಫೀಸು ಇರಲಿಲ್ಲ. ಹನ್ನೆರಡು ವರ್ಷ ಅವನು ನೀರಿನ ಪಂಪುಗಳ ವಿನ್ಯಾಸ ಮಾಡಿಕೊಂಡಿದ್ದ ಕಂಪನಿ ಜನವರಿಯಲ್ಲಿ ಅವನ ವಿಭಾಗವನ್ನೇ ಮುಚ್ಚಿತ್ತು. ಕಾಗದ ಕೈಗೆ ಬಂದ ಸಂಜೆಯೇ ನೀರಜಾ ಧಾರವಾಡದಿಂದ ವಾಪಸಾದಳು. ತಾಯಿಯ ಹೃದಯದ ಆಪರೇಷನ್ ಮಾಡಿಸಿ, ಮೂರು ವಾರ ಆಸ್ಪತ್ರೆಯ ಬೆಂಚಿನ ಮೇಲೆ ಮಲಗೆದ್ದು ಬಂದವಳು ಮ್ಯಾಂಚೆಸ್ಟರ್ ವಿಮಾನ ನಿಲ್ದಾಣದಲ್ಲಿ ಅವನ ಹೆಗಲಿಗೆ ತಲೆಯಿಟ್ಟು, "ಅವ್ವ ಉಳಿದ್ಳು. ಸಾಕು. ಇನ್ನೊಂದು ಸುದ್ದಿ ತಡಕೊಳ್ಳೋ ಶಕ್ತಿ ನನಗಿಲ್ಲ ನೋಡ್ರಿ" ಎಂದಿದ್ದಳು. ನಾಳೆ ಹೇಳಿದರಾಯಿತು ಎಂದುಕೊಂಡ. ಮರುದಿನ ಬೆಳಿಗ್ಗೆ ಅವಳು ಊಟದ ಡಬ್ಬಿ ಕೈಗೆ ಕೊಟ್ಟಾಗ ಸುಮ್ಮನೆ ಇಸಿದುಕೊಂಡು ಕಾರು ಹತ್ತಿದ. ಅದಾಗಿ ಆರು ವಾರ ಕಳೆದಿತ್ತು.

ಮೊದಮೊದಲು ದಿನವಿಡೀ ಲೈಬ್ರರಿಯಲ್ಲಿ ಕೂತು ಅರ್ಜಿ ಹಾಕಿದ. ಎರಡು ಸಂದರ್ಶನ ಆದವು, ಎರಡೂ ಕಡೆಯಿಂದ ಆಮೇಲೆ ಮಾತಿಲ್ಲ. ಒಂದು ಮಧ್ಯಾಹ್ನ ಗೋಡೆಗಳ ನಡುವೆ ಕೂರಲಾಗದೆ ಸುಮ್ಮನೆ ಕಾರು ಓಡಿಸಿಕೊಂಡು ಹೋಗಿ ಈ ಕಾಡಿನ ಗೇಟಿನ ಬಳಿ ನಿಲ್ಲಿಸಿದ್ದ. ಅಲ್ಲಿ ಹಿಲರಿ ಎಂಬ ಮುದುಕಿ ಸಿಕ್ಕಳು. ಕಾಡು ಅವಳ ಹೊಲಕ್ಕೆ ಸೇರಿದ್ದು. ಕೈಯಲ್ಲಿ ಗೇಣುದ್ದದ ಒಂದು ಜಿಂಕೆ ಕೋಡು ಹಿಡಿದಿದ್ದಳು. ಇಲ್ಲಿಯ ಸಣ್ಣ ಜಾತಿಯ ಗಂಡು ಜಿಂಕೆಗಳಿಗೆ ಚಳಿಗಾಲ ಶುರುವಾಗುವಾಗ ಕೋಡು ತಾವಾಗಿಯೇ ಕಳಚಿ ಬೀಳುತ್ತವೆ, ಜರಿಗಿಡಗಳು ಒಣಗಿ ನೆಲಕ್ಕೊರಗಿದ ಮೇಲೆ, ಹೊಸ ಚಿಗುರು ಏಳುವ ಮೊದಲು ಹುಡುಕಬೇಕು ಎಂದು ವಿವರಿಸಿದಳು. "ಸಿಕ್ಕರೆ ನೀನೇ ಇಟ್ಟುಕೋ. ಗೇಟು ಮಾತ್ರ ಮರೆಯದೆ ಹಾಕು" ಎಂದಳು.

ಅಂದಿನಿಂದ ಅವನಿಗೆ ಅದೇ ಗೀಳು. ಬೆಳಿಗ್ಗೆ ಹತ್ತರವರೆಗೆ ಅರ್ಜಿ, ಆಮೇಲೆ ಕಾಡು. ಜಿಂಕೆಗಳ ಕಾಲುಹಾದಿ, ಅವು ಮಲಗೆದ್ದ ತಗ್ಗು, ಹಾರಿ ದಾಟುವ ಮೋಟುಗೋಡೆಯ ಬುಡ, ಎಲ್ಲವನ್ನೂ ಗುರುತಿಸಲು ಕಲಿತ. ಒಂಬತ್ತು ದಿನ ಬರಿಗೈಯಲ್ಲಿ ಬಂದ. ಹತ್ತನೆಯ ದಿನ ಎಲೆಗಳ ನಡುವೆ ಮೂರು ಕವಲಿನ ಕೋಡೊಂದು ಕಣ್ಣಿಗೆ ಬಿದ್ದಾಗ, ಕಾಡಿನಲ್ಲಿ ಒಬ್ಬನೇ ನಿಂತು ಜೋರಾಗಿ ಕೂಗಿದ್ದ. ಈಗ ಕಾರಿನ ಡಿಕ್ಕಿಯಲ್ಲಿ ನಾಲ್ಕಿದ್ದವು. ಐದನೆಯದು ಇಂದು ಗೋಡೆಯ ಬುಡದಲ್ಲಿ ಬೆಳ್ಳಗೆ ಕಂಡಿತ್ತು. ಅದರ ಮೇಲೇ ಕಣ್ಣಿಟ್ಟು ನಡೆದು ಬಿಲಕ್ಕೆ ಕಾಲಿಟ್ಟಿದ್ದ. ತೆವಳಿಕೊಂಡು ಹೋಗಿಯಾದರೂ ಅದನ್ನು ಎತ್ತಿಕೊಂಡಿದ್ದ.

ಎದ್ದು ನಿಲ್ಲಲು ನೋಡಿದ, ಆಗಲಿಲ್ಲ. ಗೆಳೆಯ ಪಂಚಾಕ್ಷರಿ ಊರಲ್ಲೇ ಇದ್ದಾರೆ, ಕರೆದರೆ ಬರುತ್ತಾರೆ. ಫೋನಿನಲ್ಲಿ ಅವರ ಹೆಸರು ಒತ್ತಲು ಹೋದವನ ಬೆರಳು ತಡೆಯಿತು. ಅವರಿಗೆ ಗೊತ್ತಾಗಿ ನೀರಜಾಳಿಗೆ ಗೊತ್ತಿಲ್ಲದಂತೆ ಇರುವುದು ಅವನಿಂದ ಸಾಧ್ಯವಿರಲಿಲ್ಲ. ಅವಳಿಗೇ ಫೋನು ಮಾಡಿದ.

"ಏನ್ರೀ, ಈ ಹೊತ್ತಿನ್ಯಾಗ?"

"ಕಾಲು ಉಳುಕೈತಿ. ಕಾರ್ ಹೊಡಿಯಾಕ ಆಗೂದಿಲ್ಲ."

"ಅಯ್ಯ! ಆಫೀಸಿನ್ಯಾಗ ಬಿದ್ರೇನು?"

"ಆಫೀಸಿನ್ಯಾಗ ಅಲ್ಲ. ಅಡವ್ಯಾಗ ಅದೀನಿ."

"ಯಾವ ಅಡವಿ? ಪೋಸ್ಟ್‌ಕೋಡ್ ಹೇಳ್ರಿ."

"ಇದಕ್ಕ ಪೋಸ್ಟ್‌ಕೋಡ್ ಇಲ್ಲ. ಲೊಕೇಶನ್ ಕಳಸ್ತೀನಿ."

ಮತ್ತೇನೂ ಕೇಳದೆ ಫೋನಿಟ್ಟಳು. ಹೇಗೆ ಶುರು ಮಾಡಬೇಕೆಂದು ಅವನು ನಲವತ್ತು ನಿಮಿಷ ಮನಸ್ಸಿನಲ್ಲೇ ಮಾತು ಜೋಡಿಸಿದ. ಒಂದೂ ಸರಿಹೋಗಲಿಲ್ಲ.

ನೀರಜಾ ಫಿಸಿಯೋಥೆರಪಿಸ್ಟ್. ಕ್ಲಿನಿಕ್ಕಿನ ನೀಲಿ ಅಂಗಿಯ ಮೇಲೆ ಕೋಟು ತೊಟ್ಟು, ಬೂಟಿಗೆಲ್ಲ ಕೆಸರು ಮೆತ್ತಿಕೊಂಡು ಬಂದಳು. ಬಂದವಳೇ ಮಂಡಿಯೂರಿ ಹರಡನ್ನು ಅಲ್ಲಲ್ಲಿ ಒತ್ತಿ ನೋಡಿದಳು.

"ಎಲುಬಿಗೇನೂ ಆಗಿಲ್ಲ" ಎಂದು ನಿಟ್ಟುಸಿರು ಬಿಟ್ಟು, ಅವನ ತೊಡೆಯ ಮೇಲಿದ್ದುದನ್ನು ನೋಡಿದಳು. "ಇದೇನು?"

"ಜಿಂಕಿ ಕೋಡು."

"ಯಾರರ ಕೊಂದಾರೇನು?"

"ಇಲ್ಲ, ತಾನ ಉದರತೈತಿ. ವರ್ಷಾ ಉದರತೈತಿ, ವರ್ಷಾ ಹೊಸಾದು ಬರತೈತಿ." ಮುಂದಿನ ಮಾತು ಅದೇ ಉಸಿರಿನಲ್ಲಿ ಬಂತು. "ನೌಕರಿ ಹೋತು, ನೀರಜಾ. ಜನವರಿಯೊಳಗ. ನೀ ಊರಿಂದ ಬಂದ ದಿನಾನ."

ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಹೆಗಲು ಅಲುಗಾಡತೊಡಗಿತು. ಶರಣ್ ಹೆದರಿದ. ಕೈ ತೆಗೆದಾಗ ಕಣ್ಣು ಒದ್ದೆಯಾಗಿತ್ತು, ಆದರೆ ಮುಖದಲ್ಲಿ ದುಃಖವಿರಲಿಲ್ಲ.

"ಅಷ್ಟನಾ? ಅಷ್ಟ ಏನ್ರೀ?"

"ಅಷ್ಟ."

"ಬೆಲ್ಟು ಎರಡು ತೂತು ಒಳಗ ಹೋಗೈತಿ. ಮೈ ತುಂಬ ಗೀರು. ಕೇಳಿದ್ರ ಏನೂ ಇಲ್ಲಂತೀರಿ. ನಮ್ಮಪ್ಪಾನೂ ಹಿಂಗ ಏನೂ ಇಲ್ಲ, ಏನೂ ಇಲ್ಲ ಅಂತ ಅಂದ, ಗೊತ್ತಾಗೂದ್ರೊಳಗ ಕ್ಯಾನ್ಸರ್ ಎಲ್ಲಾ ಕಡೆ ಹಬ್ಬಿತ್ತು. ಸೋಮವಾರಕ್ಕ ನಿಮ್ಮ ಹೆಸರಿಲೆ ಜಿಪಿ ಡಾಕ್ಟರ ಕಡೆ ಅಪಾಯಿಂಟ್‌ಮೆಂಟ್ ತಗೊಂಡೀನಿ. ಹೆಂಗ ಹೇಳೂದು ಅಂತ ಮೂರು ದಿನದಿಂದ ನಿದ್ದಿ ಇಲ್ಲ ನನಗ."

ಆರು ವಾರ ಎದೆಯ ಮೇಲೆ ಹೊತ್ತುಕೊಂಡಿದ್ದ ಕಲ್ಲು ಇಳಿದಿತ್ತು. ಅವಳು ಇನ್ನೊಂದು ಕಲ್ಲನ್ನು ಒಬ್ಬಳೇ ಹೊತ್ತಿದ್ದಳೆಂಬುದು ಈಗ ಗೊತ್ತಾಯಿತು.

ಆಮೇಲೆ ಅವಳಿಗೆ ಸಿಟ್ಟು ಬಂತು. ಬರಬೇಕಾದ್ದೇ. "ನನಗ ಶಕ್ತಿ ಇಲ್ಲ ಅಂದೆ ಖರೆ. ಅದು ಆ ಒಂದು ರಾತ್ರಿಗೆ ಅಂದ ಮಾತು. ಮುಂದಿನ ಆರು ವಾರದ ನನ್ನ ಶಕ್ತಿ ನೀವ್ಯಾಕ ಅಳತಿ ಮಾಡಿದ್ರಿ?"

"ತಪ್ಪಾತು."

"ದಿನಾ ಡಬ್ಬಿ ಕಟ್ಟಿ ಕಳಿಸೀನಿ. ಅದನ್ನ ಯಾರು ತಿಂದ್ರು?"

"ನಾನ. ಇಲ್ಲೇ ಕುಂತು."

ಅವಳು ಬೇರೆ ಕಡೆ ಮುಖ ತಿರುಗಿಸಿದಳು. ಸ್ವಲ್ಪ ಹೊತ್ತಿನ ಮೇಲೆ ಅವನ ಚೀಲ ತೆರೆದು ಡಬ್ಬಿ ತೆಗೆದಳು. ರೊಟ್ಟಿ, ಹೆಸರುಕಾಳು ಪಲ್ಯ. ಅವಳೂ ಬೆಳಿಗ್ಗೆಯಿಂದ ತಿಂದಿರಲಿಲ್ಲ. ಕೋಟನ್ನು ನೆಲಕ್ಕೆ ಹಾಸಿ, ಗೋಡೆಗೆ ಬೆನ್ನು ಕೊಟ್ಟು ಇಬ್ಬರೂ ಹಂಚಿಕೊಂಡು ತಿಂದರು. ಬಿಸಿಲು ಬಿದ್ದಿತ್ತು. ಮನೆಯ ಮಾರ್ಟ್‌ಗೇಜ್ ಸಾಲದ ಮಾತು ಬಂದಾಗ, "ನನ್ನ ಡ್ಯೂಟಿ ರೋಟಾದಾಗ ಇನ್ನೊಂದು ದಿನ ಹಾಕ್ಸಿಕೊಂಡ್ರ ಬ್ಯಾಸಗಿ ತನಕ ನಡೀತೈತಿ. ಮುಂದಿಂದು ಇಬ್ಬರೂ ಕುಂತು ನೋಡೂಣು" ಎಂದಳು.

ಅವಳ ಹೆಗಲ ಮೇಲೆ ಕೈ ಹಾಕಿ ಕುಂಟುತ್ತ ಹೊರಟ. ಅರ್ಧ ದಾರಿಯಲ್ಲಿ ನೀರಜಾ ಗಕ್ಕನೆ ನಿಂತು, "ಅಲ್ಲೊಂದೈತಿ ನೋಡ್ರಿ!" ಎಂದು ಪಿಸುಗುಟ್ಟಿದಳು. ಅವನನ್ನು ಮರಕ್ಕೆ ಒರಗಿಸಿ ಓಡಿಹೋಗಿ ಬಗ್ಗಿ ಎತ್ತಿದಳು. ಒಣ ಕೊಂಬೆ. ನಾಚಿಕೊಂಡು ಅದನ್ನು ದೂರ ಎಸೆದು ಬಂದಳು. ಆದರೂ ಗೇಟು ಬರುವವರೆಗೆ ಅವಳ ಕಣ್ಣು ನೆಲದ ಮೇಲೇ ಇತ್ತು.

ಅವನ ಕಾರನ್ನು ಅಲ್ಲೇ ಬಿಟ್ಟು ಅವಳ ಕಾರಿನಲ್ಲಿ ಹೊರಟರು. ಊರು ಮುಟ್ಟುವ ಹೊತ್ತಿಗೆ ಪಂಚಾಕ್ಷರಿಯವರ ಫೋನು ಬಂತು. ಶರಣ್ ಸ್ಪೀಕರಿಗೆ ಹಾಕಿದ.

"ಶನಿವಾರ ಕನ್ನಡ ಸಂಘದ ಕಾರ್ಯಕ್ರಮದ್ದು ಮಾತಾಡೂದಿತ್ತು. ಆಫೀಸಿನ್ಯಾಗ ಅದೀರೇನು? ಆಮ್ಯಾಲೆ ಮಾಡ್ಲೇನು?"

"ಇಲ್ರಿ, ಈಗ ಹೇಳ್ರಿ. ನನ್ನ ನೌಕರಿ ಹೋಗೈತ್ರಿ."

ಎರಡನೆಯ ಸಲಕ್ಕೆ ಮಾತು ಎಷ್ಟು ಸಲೀಸಾಗಿ ಹೊರಬಿತ್ತೆಂದರೆ ಅವನಿಗೇ ಅಚ್ಚರಿಯಾಯಿತು. ಪಂಚಾಕ್ಷರಿ, "ನನ್ನ ಕಸಿನ್ ಶೆಫೀಲ್ಡ್‌ದಾಗ ಪಂಪಿನ ಕೆಲಸದಾಗ ಇದ್ದಾನ. ಸಂಜಿಕಿ ಸಿವಿ ಕಳಸ್ರಿ. ಮತ್ತ ಪುರಸೊತ್ತು ಐತಿ ಅಂದ್ರ ಶನಿವಾರ ಕುರ್ಚಿ ಹಾಕಾಕ ಲಗೂನ ಬರ್ರಿ" ಎಂದರು.

"ಕಾಲು ಉಳುಕೈತ್ರಿ."

"ಈಗಿಂದೀಗ ಉಳುಕ್ತೇನು?"

ನೀರಜಾ ತಡೆಯಲಾರದೆ ನಕ್ಕುಬಿಟ್ಟಳು. ಎದುರಿನ ಸಿಗ್ನಲ್ ಹಸಿರಾದದ್ದೂ ಗೊತ್ತಾಗಲಿಲ್ಲ. ಹಿಂದಿನ ವ್ಯಾನಿನವನು ಹಾರ್ನ್ ಹೊಡೆದ ಮೇಲೆಯೇ ಕಣ್ಣೊರೆಸಿಕೊಂಡು ಕಾರು ಮುಂದಕ್ಕೆ ತೆಗೆದಳು.