ಅಧಿಕ ಮಾಸದ ಅಳಿಯ

ಮೂರು ವರ್ಷಕ್ಕೊಮ್ಮೆ ಪಂಚಾಂಗದಲ್ಲಿ ಒಂದು ತಿಂಗಳು ಹೆಚ್ಚಾಗಿ ಬರುತ್ತದೆ. ಆ ಅಧಿಕ ಮಾಸದಲ್ಲಿ ಮದುವೆಯಿಲ್ಲ, ನಿಶ್ಚಯವಿಲ್ಲ, ವಾಸ್ತುಶಾಂತಿಯಿಲ್ಲ. ಎಲ್ಲ ಶುಭಕಾರ್ಯಕ್ಕೂ ಬೀಗ ಜಡಿದು ಅಳಿಯನೊಬ್ಬನಿಗೆ ಮಾತ್ರ ಬಾಗಿಲು ತೆರೆದಿಟ್ಟ ಪುಣ್ಯಾತ್ಮ ಯಾರೋ ನನಗೆ ಗೊತ್ತಿಲ್ಲ. ಖಂಡಿತ ಅವನೂ ಯಾರದೋ ಅಳಿಯನೇ ಇರಬೇಕು. ಈ ತಿಂಗಳು ಅಳಿಯನೆಂದರೆ ಸಾಕ್ಷಾತ್ ನಾರಾಯಣ. ಮಗಳನ್ನೂ ಅವನನ್ನೂ ಮಣೆಯ ಮೇಲೆ ಕೂಡಿಸಿ, ಕಾಲು ತೊಳೆದು, ಮೂವತ್ತಮೂರು ಅನಾರಸ ಕಜ್ಜಾಯ ಜೋಡಿಸಿದ ತಾಟು ಕೊಡಬೇಕು.

ಸಂಪಗಾಂವದಲ್ಲಿ ನನ್ನ ಮನೆಯ ಗೋಡೆಗೆ ಹತ್ತಿದ್ದೇ ದೇವಕ್ಕನ ಮನೆ. ಅವಳ ಒಬ್ಬಳೇ ಮಗಳು ಮೀನಾಳನ್ನು ರಾಮದುರ್ಗದ ಗುರುನಾಥನಿಗೆ ಕೊಟ್ಟಿದ್ದರು. ಜ್ವರ ಬಂದು ಹಾಸಿಗೆ ಹಿಡಿದವಳನ್ನು ಆ ಗಂಡ, ಕೆಲಸ ತಪ್ಪಿಸಲು ನಾಟಕ ಮಾಡುತ್ತಾಳೆಂದು ದವಾಖಾನೆಗೆ ಒಯ್ಯಲಿಲ್ಲ. ದೇವಕ್ಕ ಫೋನಿನಲ್ಲಿ ಅತ್ತು ಗೋಗರೆದರೂ ಒಯ್ಯಲಿಲ್ಲ. ಮೀನಾ ಸತ್ತಳು. ವರ್ಷ ತುಂಬುವುದರೊಳಗೆ ಅವನು ಪೂನಮ್ ಎಂಬವಳನ್ನು ಮದುವೆಯಾದ. ಮೀನಾಳ ಮಗಳು ಶೈಲಶ್ರೀಯನ್ನು ಅಂದಿನಿಂದ ಅಜ್ಜಿಗೆ ಒಮ್ಮೆಯೂ ತೋರಿಸಿರಲಿಲ್ಲ.

ಈ ಸಲ ಅಧಿಕ ಬಂದದ್ದೇ ತಡ, ಅವನೇ ಫೋನು ಮಾಡಿದ.

"ಮಗಳು ಹೋದ್ರೇನಾತ್ರಿ ಅತ್ತಿ, ಅಳಿಯತನ ಹೊಕ್ಕೈತೇನು? ಕರೀರಿ. ಕೂಸನ್ನೂ ಕರಕೊಂಡ ಬರತೇನಿ."

ದೇವಕ್ಕನ ಗಂಡ ನಿಜಗುಣಪ್ಪ ಕೆಂಡವಾದ. "ಅಂವನ ಕಾಲ ನಾ ತೊಳೀಬೇಕೇನು? ಮೊದಲ ನನ್ನ ಕೈ ಕಡದ ಒಗೀರಿ!"

"ನೀವು ಬ್ಯಾಡ, ನಾ ತೊಳೀತೇನಿ," ಎಂದಳು ದೇವಕ್ಕ. "ನನಗ ಮೀನಾನ ಕೂಸ ನೋಡೂದೈತಿ."

ಅಳಿಯ ಬರುವ ದಿನ ನಿಜಗುಣಪ್ಪ ಬೆಳಗ್ಗೆಯೇ ಎದ್ದು ಹೊಲಕ್ಕೆ ಹೋಗಿಬಿಟ್ಟ. ಅನಾರಸ ಕರಿಯಲು ನಾನು ಕೂತೆ. ಅಕ್ಕಿಹಿಟ್ಟು, ಬೆಲ್ಲ, ಗಸಗಸೆ ಎಲ್ಲ ಹದವಾಗಿಯೇ ಇತ್ತು. ನನ್ನ ಹೊಟ್ಟೆ ಮಾತ್ರ ಉರಿಯುತ್ತಿತ್ತು.

ಗುರುನಾಥ ಕಾರಿನಿಂದ ಇಳಿದು ಪೂನಮ್‌ಳನ್ನು ಕರೆದುಕೊಂಡು ಒಳಗೆ ಬಂದ. ಕೂಸು ಕಾಣಲಿಲ್ಲ.

"ಶೈಲೂ ಎಲ್ಲಿ?" ದೇವಕ್ಕ ಬಾಗಿಲಾಚೆ ಇಣುಕಿದಳು.

"ಕಾರಿನ್ಯಾಗ ಅದಾಳ್ರಿ. ಮೊದಲ ಶಾಸ್ತ್ರ ಮುಗೀಲಿ."

ಮಣೆಯ ಮೇಲೆ ಕೂತು ಪ್ಯಾಂಟು ಮೇಲೇರಿಸಿದ. ದೇವಕ್ಕ ಮುಖ ತಗ್ಗಿಸಿ ನೀರು ಸುರಿದಳು. "ಹಿಮ್ಮಡ ಉಳದೈತಿ ನೋಡ್ರಿ," ಎಂದ ಆ ಪಾಪಿ. ಅವಳು ಮತ್ತೆ ಸುರಿದಳು, ಸೆರಗಿನಿಂದ ಒರೆಸಿದಳು. ಮಗಳು ಕೂರಬೇಕಾದ ಜಾಗದಲ್ಲಿ ಕೂತ ಪೂನಮ್‌ಳಿಗೆ ಅರಿಶಿನ ಕುಂಕುಮ ಹಚ್ಚಿ ಉಡಿ ತುಂಬಿದಳು. ಆ ಹುಡುಗಿಗೆ ನಾಚಿಕೆಯಾಗಿರಬೇಕು, ತಲೆ ಎತ್ತಲಿಲ್ಲ. ದೇವಕ್ಕನ ಕಣ್ಣು ಮಾತ್ರ ಬಾಗಿಲಲ್ಲೇ ನೆಟ್ಟಿತ್ತು.

ತಾಟು ಕೈಗೆ ಬಂದ ಮೇಲೆ ಅವನು ಮಗಳನ್ನು ಕರೆತಂದ. ಎರಡು ಜಡೆ, ಥೇಟ್ ಮೀನಾಳದೇ ಮುಖ. ದೇವಕ್ಕ ನೆಲಕ್ಕೆ ಕುಸಿದು ಎರಡೂ ತೋಳು ಚಾಚಿದಳು. ಕೂಸು ಪೂನಮ್‌ಳ ಸೀರೆಯ ಹಿಂದೆ ಅಡಗಿಕೊಂಡಿತು.

"ಪಪ್ಪಾ, ನಮ್ಮವ್ವನ್ನ ಕೊಂದ ಅಜ್ಜಿ ಇಕೀನ ಏನು?"

ಕರಿಯುವ ಜಾಲರಿ ಸೌಟು ಹಿಡಿದುಕೊಂಡೇ ನಾನು ಅಡುಗೆಮನೆಯಿಂದ ಓಡಿ ಬಂದೆ. ನನ್ನ ಬಾಯಿಗೆ ಏನು ಬರುತ್ತಿತ್ತೋ, ದೇವಕ್ಕ ಕೈಸನ್ನೆ ಮಾಡಿ ತಡೆದಳು. ಗುರುನಾಥ ನಕ್ಕ.

"ನನ್ನ ಯಾಕ ಕೇಳ್ತಿ, ಅವರನ್ನ ಕೇಳು. ಹೇಳ್ರಿ ಅತ್ತಿ, ಕೂಸು ಕೇಳಾಕತ್ತೈತಿ. ಅಪ್ಪ ಸುಳ್ಳ ಹೇಳ್ಯಾನೇನು? ಸುಳ್ಳ ಅಂದ್ರ ಇಕಿ ಮತ್ತೊಮ್ಮಿ ಈ ಹೊಸ್ತಿಲ ತುಳಿಯೂದಿಲ್ಲ ನೋಡ್ರಿ."

ದೇವಕ್ಕ ಚಾಚಿದ ತೋಳು ಹಿಂದೆಗೆಯಲಿಲ್ಲ. ಆ ಪುಟ್ಟ ಮುಖವನ್ನೇ ನೋಡಿದಳು.

"ಹೌದು ನನ್ನವ್ವಾ," ಎಂದಳು. "ನಾನ ಕೊಂದೇನಿ."